ಕಾಗದದ ಹೂವಿನ ಬಳ್ಳಿ: ಹೆಸರು ಒಬ್ಬರದು, ದುಡಿಮೆ ಹಲವರದು



ತಾಲ್ಲೂಕು ಕಚೇರಿಯ ಕಾಂಪೌಂಡು, ಶಾಲೆಯ ಗೇಟು, ಪ್ರವಾಸಿ ಮಂದಿರದ ಕಮಾನು, ಹೆದ್ದಾರಿಯ ನಡುವಿನ ಮಣ್ಣಿನ ಪಟ್ಟಿ. ಇವುಗಳಲ್ಲಿ ಯಾವುದಾದರೊಂದು ಕಡೆ ನೀವು ಈ ಬಳ್ಳಿಯನ್ನು ನೋಡಿಯೇ ಇರುತ್ತೀರಿ. ಏಪ್ರಿಲ್ ಬಿಸಿಲಿಗೆ ಸುತ್ತಲಿನ ಹುಲ್ಲೆಲ್ಲ ಒಣಗಿದಾಗಲೂ ಅದು ನೇರಳೆ, ಗುಲಾಬಿ, ಕಿತ್ತಳೆ, ಬಿಳಿ ಬಣ್ಣಗಳಲ್ಲಿ ಮೈತುಂಬ ಹೂ ಹೊತ್ತು ನಿಂತಿರುತ್ತದೆ. ಮುಟ್ಟಿದರೆ ತೆಳುವಾದ ಕಾಗದದಂತೆ ಸರಸರ ಎನ್ನುವುದರಿಂದ ನಮ್ಮ ಜನ ಇದನ್ನು ಕಾಗದದ ಹೂ ಎಂದು ಕರೆದರು. ನರ್ಸರಿಯವರು ಬೋಗನ್‌ವಿಲ್ಲಾ ಎನ್ನುತ್ತಾರೆ.

ಈ ಎರಡನೆಯ ಹೆಸರು ಎಲ್ಲಿಂದ ಬಂತು? ಅದು ಒಬ್ಬ ಫ್ರೆಂಚ್ ನಾವಿಕನ ಹೆಸರು. ಪೆಸಿಫಿಕ್ ಸಾಗರದ ಒಂದು ದೊಡ್ಡ ದ್ವೀಪಕ್ಕೂ ಅದೇ ಹೆಸರಿದೆ. ಆ ದ್ವೀಪವನ್ನು ಆತ ಆಳಲಿಲ್ಲ. ಈ ಬಳ್ಳಿಯನ್ನು ಆತ ಬೆಳೆಸಲಿಲ್ಲ. ಆದರೂ ಎರಡರ ಮೇಲೂ ಆತನ ಹೆಸರು ನಿಂತಿತು. ಇದು ಹೇಗಾಯಿತೆಂದು ತಿಳಿಯುವುದರಲ್ಲಿ ನಮಗೊಂದು ಪಾಠವಿದೆ. ಜೊತೆಗೆ ನೀರಿಲ್ಲದ ಕಡೆ ಬೇಲಿಗೂ ಅಂದಕ್ಕೂ ಒದಗುವ ಈ ಬಳ್ಳಿಯನ್ನು ಬೆಳೆಸುವ ಕ್ರಮವನ್ನೂ ತಿಳಿಯೋಣ.

ಹೂವಲ್ಲದ ಹೂವು

ಮೊದಲು ಗಿಡವನ್ನು ಸರಿಯಾಗಿ ನೋಡಿ. ನಾವು ಹೂವೆನ್ನುವ ಬಣ್ಣದ ಭಾಗ ನಿಜವಾಗಿ ಹೂವಲ್ಲ, ಎಲೆ. ಮೂರು ಬಣ್ಣದ ಎಲೆಗಳು ಕೂಡಿ ನಿಂತಿರುತ್ತವೆ. ಸಸ್ಯಶಾಸ್ತ್ರದಲ್ಲಿ ಇವುಗಳಿಗೆ ಬ್ರ್ಯಾಕ್ಟ್ ಎನ್ನುತ್ತಾರೆ. ಒಂದೊಂದು ಎಲೆಯ ಒಳಮೈಗೆ ಅಂಟಿಕೊಂಡು ಕೊಳವೆಯಂಥ ಸಣ್ಣ ಕೆನೆಬಣ್ಣದ ಹೂವಿದೆ. ನಿಜವಾದ ಹೂ ಅದು. ಎಲೆಯೇ ಆದ್ದರಿಂದ ಬಣ್ಣ ಬೇಗ ಬಾಡುವುದಿಲ್ಲ, ವಾರಗಟ್ಟಲೆ ನಿಲ್ಲುತ್ತದೆ.

ಇದರ ಬಳಗದವರು ನಿಮಗೆ ಗೊತ್ತಿಲ್ಲದವರೇನಲ್ಲ. ಹಿತ್ತಲಲ್ಲಿ ಸಾಯಂಕಾಲ ಅರಳುವ ಸಂಜೆಮಲ್ಲಿಗೆ ಇದೇ ಕುಟುಂಬದ್ದು. ಹೊಲದ ಬದುಗಳಲ್ಲಿ ನೆಲಕ್ಕಂಟಿ ಹರಡುವ, ನಾಟಿ ವೈದ್ಯರು ಬಳಸುವ ಪುನರ್ನವವೂ ಇದೇ ಕುಟುಂಬದ್ದು. ಕಾಗದದ ಹೂವಿನ ಮೂಲ ಮಾತ್ರ ದಕ್ಷಿಣ ಅಮೆರಿಕ. ಬ್ರೆಜಿಲ್, ಪೆರು ಮುಂತಾದ ದೇಶಗಳ ಕಾಡಿನ ಅಂಚುಗಳಲ್ಲಿ ಇದು ಮುಳ್ಳಿನ ಸಹಾಯದಿಂದ ಮರ ಹತ್ತಿ ಬೆಳೆಯುತ್ತಿತ್ತು. ಅಲ್ಲಿನ ಜನ ಇದನ್ನು ತಲೆತಲಾಂತರದಿಂದ ಕಂಡಿದ್ದರು. ಆದರೆ ಯುರೋಪಿನ ಪುಸ್ತಕಗಳಿಗೆ ಇದು ಸೇರಿದ್ದು 18ನೇ ಶತಮಾನದಲ್ಲಿ.

ಲೆಕ್ಕ ಬಲ್ಲ ನಾವಿಕ

ಲೂಯಿ ಆಂತ್ವಾನ್ ದ ಬೂಗೆನ್‌ವಿಲ್ 1729ರಲ್ಲಿ ಪ್ಯಾರಿಸ್ ನಗರದಲ್ಲಿ ಹುಟ್ಟಿದ. ಮೊದಲು ಗಣಿತ ಕಲಿತು, ಅದರಲ್ಲಿ ಪುಸ್ತಕ ಬರೆದು ಹೆಸರು ಮಾಡಿದ. ಆಮೇಲೆ ಸೈನ್ಯ ಸೇರಿ ಕೆನಡಾದಲ್ಲಿ ಇಂಗ್ಲಿಷರ ವಿರುದ್ಧ ಕಾದಾಡಿದ. ಆ ಯುದ್ಧದಲ್ಲಿ ಫ್ರಾನ್ಸ್ ಸೋತು ಕೆನಡಾ ಕೈತಪ್ಪಿತು. ಕಳೆದುಕೊಂಡದ್ದಕ್ಕೆ ಬದಲಾಗಿ ಹೊಸ ನೆಲ, ಹೊಸ ವ್ಯಾಪಾರ ಹುಡುಕಬೇಕೆಂಬ ಆತುರ ಫ್ರಾನ್ಸಿನ ದೊರೆಗಿತ್ತು. 1766ರಲ್ಲಿ ಬೂಗೆನ್‌ವಿಲ್ ಭೂಮಿಯನ್ನು ಸುತ್ತಿ ಬರಲು ಹೊರಟ. ಎರಡು ಹಡಗುಗಳು: ಬೂದೇಸ್ ಮತ್ತು ಎತ್ವಾಲ್.

ಎತ್ವಾಲ್ ಹಡಗಿನಲ್ಲಿ ಫಿಲಿಬೆರ್ ಕಾಮರ್ಸನ್ ಎಂಬ ಸಸ್ಯವಿಜ್ಞಾನಿ ಇದ್ದ. ಹೊಸ ಗಿಡಗಳನ್ನು ಕಂಡು, ಒಣಗಿಸಿ, ಹೆಸರಿಟ್ಟು ತರುವುದು ಆತನ ಕೆಲಸ. ಅಂದಿನ ರಾಜ್ಯಗಳಿಗೆ ಇದು ಬರಿಯ ಕುತೂಹಲವಾಗಿರಲಿಲ್ಲ. ಯಾವ ಗಿಡದಿಂದ ಮಸಾಲೆ, ಯಾವುದರಿಂದ ಔಷಧ, ಯಾವುದರಿಂದ ಬಣ್ಣ ಎಂದು ತಿಳಿದವನಿಗೆ ಹಣ ಬರುತ್ತಿತ್ತು. ಲವಂಗ, ಜಾಯಿಕಾಯಿಗಳ ವ್ಯಾಪಾರ ಆಗ ಡಚ್ಚರ ಮುಷ್ಟಿಯಲ್ಲಿತ್ತು. ಅವುಗಳ ಸಸಿಗಳನ್ನು ಕದ್ದುಮುಚ್ಚಿ ಮಾರಿಷಸ್ಸಿಗೆ ತರಿಸಿದ ಪಿಯರ್ ಪ್ವಾವ್ರ್ ಎಂಬ ಫ್ರೆಂಚ್ ಅಧಿಕಾರಿಯೂ ಇದೇ ಕಾಲದವನು.

ಹೊರೆ ಹೊತ್ತ ಹೆಂಗಸು

ಕಾಮರ್ಸನ್ನನ ಜೊತೆಗೆ ‘ಜಾನ್’ ಎಂಬ ಸಹಾಯಕನೊಬ್ಬ ಹಡಗು ಹತ್ತಿದ್ದ. ಬೆಟ್ಟ ಹತ್ತುವುದು, ಗಿಡ ಕೀಳುವುದು, ಕಾಗದದ ಕಟ್ಟು, ಊಟದ ಬುತ್ತಿ, ಬಂದೂಕು ಎಲ್ಲವನ್ನೂ ಹೊರುವುದು ಆ ಸಹಾಯಕನ ಕೆಲಸ. ವಾಸ್ತವವಾಗಿ ಆ ‘ಜಾನ್’ ಗಂಡಸಾಗಿರಲಿಲ್ಲ. ಆಕೆ ಜಾನ್ ಬಾರೆ, 1740ರಲ್ಲಿ ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಹಳ್ಳಿಯೊಂದರ ಕೂಲಿಕಾರನ ಮನೆಯಲ್ಲಿ ಹುಟ್ಟಿದವಳು. ಫ್ರೆಂಚ್ ನೌಕಾಪಡೆಯ ಹಡಗುಗಳಲ್ಲಿ ಹೆಂಗಸರಿಗೆ ಅವಕಾಶವಿರಲಿಲ್ಲವಾದ್ದರಿಂದ ಗಂಡುವೇಷ ತೊಟ್ಟಿದ್ದಳು.

1767ರಲ್ಲಿ ಹಡಗುಗಳು ಬ್ರೆಜಿಲಿನ ರಿಯೊ ಡಿ ಜನೈರೊ ಬಂದರಿನಲ್ಲಿ ನಿಂತವು. ಕಾಮರ್ಸನ್ನನಿಗೆ ಕಾಲಿನ ಹುಣ್ಣು ಬಾಧಿಸುತ್ತಿತ್ತು. ಅಲ್ಲಿ ಸಂಗ್ರಹವಾದ ಗಿಡಗಳಲ್ಲಿ ನೇರಳೆ ಬಣ್ಣದ ಎಲೆಹೂಗಳ ಈ ಬಳ್ಳಿಯೂ ಒಂದು. ಕುಂಟುತ್ತಿದ್ದ ಯಜಮಾನನ ಬದಲು ಇದನ್ನು ಮೊದಲು ಕಿತ್ತು ತಂದ ಕೈ ಬಾರೆಯದೇ ಇರಬೇಕೆಂದು ಕೆಲವು ಇತಿಹಾಸಕಾರರು ಊಹಿಸುತ್ತಾರೆ. ಕಾಮರ್ಸನ್ ಇದಕ್ಕೆ ತನ್ನ ಹಡಗುಪಡೆಯ ಮುಖ್ಯಸ್ಥನ ಹೆಸರಿಟ್ಟ. ಮೇಲಧಿಕಾರಿಯ ಹೆಸರನ್ನು ಹೊಸ ಗಿಡಕ್ಕೆ ಇಡುವುದು ಅಂದಿನ ವಾಡಿಕೆ.

1768ರ ಏಪ್ರಿಲ್‌ನಲ್ಲಿ ತಾಹಿತಿ ದ್ವೀಪಕ್ಕೆ ಇಳಿದಾಗ ಬಾರೆ ಹೆಂಗಸೆಂಬುದು ಬಯಲಾಯಿತೆಂದು ಬೂಗೆನ್‌ವಿಲ್ ಬರೆದಿದ್ದಾನೆ. ಆ ವರ್ಷದ ಕೊನೆಗೆ ಹಡಗುಗಳು ಮಾರಿಷಸ್ ತಲುಪಿದಾಗ ಕಾಮರ್ಸನ್ ಮತ್ತು ಬಾರೆ ಅಲ್ಲೇ ಉಳಿದರು. ಕಾಮರ್ಸನ್ 1773ರಲ್ಲಿ ಅಲ್ಲಿಯೇ ತೀರಿಕೊಂಡ. ಸುದ್ದಿ ಇನ್ನೂ ಪ್ಯಾರಿಸ್ ತಲುಪಿರದ ಕಾರಣ, ಸತ್ತ ಕೆಲವೇ ದಿನಗಳ ಮೇಲೆ ಅಲ್ಲಿನ ವಿಜ್ಞಾನ ಅಕಾಡೆಮಿ ಆತನನ್ನು ಸದಸ್ಯನನ್ನಾಗಿ ಆರಿಸಿತು! ಬಾರೆ ಕೆಲ ವರ್ಷಗಳ ನಂತರ ಫ್ರಾನ್ಸಿಗೆ ಮರಳಿದಳು. ಭೂಮಿಯನ್ನು ಸುತ್ತಿ ಬಂದ ಮೊದಲ ಹೆಂಗಸೆಂದು ಇಂದು ಆಕೆಯನ್ನು ಗುರುತಿಸುತ್ತಾರೆ. 1785ರಲ್ಲಿ ನೌಕಾ ಇಲಾಖೆ ಆಕೆಗೆ ವರ್ಷಕ್ಕೆ 200 ಲಿವರ್ ಪಿಂಚಣಿ ಕೊಟ್ಟಿತು. 1807ರಲ್ಲಿ ತೀರಿಕೊಂಡಳು.

ಬಾರೆಯ ಹೆಸರನ್ನೂ ಒಂದು ಗಿಡಕ್ಕೆ ಇಡಲು ಕಾಮರ್ಸನ್ ಬಯಸಿದ್ದ. ಆ ಹೆಸರು ಸಸ್ಯಶಾಸ್ತ್ರದಲ್ಲಿ ನಿಲ್ಲಲಿಲ್ಲ. ಕೊನೆಗೆ 2012ರಲ್ಲಿ, ದಕ್ಷಿಣ ಅಮೆರಿಕದ ಒಂದು ಗಿಡಕ್ಕೆ ವಿಜ್ಞಾನಿಗಳು ಸೊಲಾನಮ್ ಬಾರೆಟಿಯೆ ಎಂದು ಹೆಸರಿಟ್ಟರು. ಅದು ನಮ್ಮ ಬದನೆ, ಆಲೂಗೆಡ್ಡೆಗಳ ಜಾತಿಯದು. ಹೊರೆ ಹೊತ್ತವಳ ಹೆಸರು ಗಿಡಕ್ಕೆ ಸೇರಲು ಎರಡೂವರೆ ಶತಮಾನ ಹತ್ತಿರ ಹತ್ತಿರ ಬೇಕಾಯಿತು.

ಕೆಸು ಬೆಳೆದ ದ್ವೀಪ

ಇನ್ನು ದ್ವೀಪದ ವಿಷಯ. ತಾಹಿತಿಯಿಂದ ಪಶ್ಚಿಮಕ್ಕೆ ಸಾಗಿದ ಹಡಗುಗಳಲ್ಲಿ ದಾಸ್ತಾನು ಮುಗಿಯುತ್ತ ಬಂತು. ನಾವಿಕರು ಇಲಿ, ಚರ್ಮ ತಿನ್ನುವ ಸ್ಥಿತಿಗೆ ಬಂದರು. 1768ರ ಜುಲೈ ತಿಂಗಳಲ್ಲಿ ಸಾಲೊಮನ್ ದ್ವೀಪಮಾಲೆಯ ನಡುವೆ ಹಾಯುವಾಗ ಬೂಗೆನ್‌ವಿಲ್ ಒಂದು ದೊಡ್ಡ, ಎತ್ತರದ ಪರ್ವತಗಳ ದ್ವೀಪವನ್ನು ಕಂಡು ಅದರ ಪೂರ್ವ ಕರಾವಳಿಯ ಪಕ್ಕದಲ್ಲೇ ಸಾಗಿ ಹೋದ. ಅಲ್ಲಿ ನೆಲೆಸಲಿಲ್ಲ, ಉಳಲಿಲ್ಲ, ಬಿತ್ತಲಿಲ್ಲ. ಆದರೂ ನಕ್ಷೆಯಲ್ಲಿ ಅದು ಬೂಗೆನ್‌ವಿಲ್ ದ್ವೀಪವಾಯಿತು. ಅದರ ಉತ್ತರಕ್ಕಿರುವ ಚಿಕ್ಕ ದ್ವೀಪದಿಂದ ದೋಣಿಗಳಲ್ಲಿ ಬಂದ ಜನ ‘ಬುಕಾ, ಬುಕಾ’ ಎಂದು ಕೂಗಿದ್ದರಿಂದ ಆ ದ್ವೀಪಕ್ಕೆ ಬುಕಾ ಎಂದು ಹೆಸರು ಬಿತ್ತು.

ಆತ ಕಂಡಾಗ ಆ ನೆಲ ಖಾಲಿಯಾಗಿರಲಿಲ್ಲ. ಬುಕಾ ದ್ವೀಪದ ಕಿಲು ಎಂಬ ಗುಹೆಯಲ್ಲಿ ಸುಮಾರು 28,000 ವರ್ಷ ಹಳೆಯ ಕಲ್ಲಿನ ಉಪಕರಣಗಳು ಸಿಕ್ಕಿವೆ. ಅವುಗಳ ಅಂಚಿನಲ್ಲಿ ಕೆಸುವಿನ ಗೆಡ್ಡೆಯ ಪಿಷ್ಟದ ಕಣಗಳು ಅಂಟಿಕೊಂಡಿದ್ದುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ನಮ್ಮ ಮಲೆನಾಡಿನ ಅಡುಗೆಮನೆಯಲ್ಲಿ ಇಂದಿಗೂ ಬೇಯುವ ಅದೇ ಕೆಸು! ಅಷ್ಟು ಹಿಂದೆಯೇ ಅಲ್ಲಿನ ಜನ ಅದನ್ನು ಕತ್ತರಿಸಿ ಕೆರೆದು ತಿನ್ನುತ್ತಿದ್ದರು. ಅವರ ಮುಂದಿನ ತಲೆಮಾರುಗಳಿಗೂ ಕೆಸುವೇ ಮುಖ್ಯ ಆಹಾರವಾಯಿತು.

1940ರ ದಶಕದ ಮೊದಲ ವರ್ಷಗಳಲ್ಲಿ, ಎರಡನೆಯ ಮಹಾಯುದ್ಧ ಆ ದ್ವೀಪವನ್ನು ತುಳಿಯುತ್ತಿದ್ದಾಗಲೇ, ಕೆಸುವಿನ ಎಲೆ ಅಂಗಮಾರಿ ರೋಗ ಅಲ್ಲಿಗೆ ಬಂದು ತೋಟಗಳನ್ನು ಹಾಳುಗೆಡವಿತು. ಎಲೆಯ ಮೇಲೆ ನೀರಿನಲ್ಲಿ ನೆಂದಂಥ ಚುಕ್ಕೆ ಎದ್ದು, ಅದು ಹರಡಿ, ಎಲೆ ಕೊಳೆಯುವ ಈ ರೋಗ ಮಳೆಗಾಲದಲ್ಲಿ ನಮ್ಮಲ್ಲಿಯೂ ಕಾಣುತ್ತದೆ. ದ್ವೀಪದ ಜನ ಅನಿವಾರ್ಯವಾಗಿ ಸಿಹಿಗೆಣಸಿಗೆ ತಿರುಗಿದರು. ಅಂದಿನಿಂದ ಅವರ ಮುಖ್ಯ ಆಹಾರ ಗೆಣಸು. ಒಂದೇ ಬೆಳೆಯನ್ನು ನೆಚ್ಚಿದ ಊರಿಗೆ ಒಂದು ರೋಗ ಏನು ಮಾಡಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ತಾಯಿಯ ನೆಲ, ತಾಮ್ರದ ಗಣಿ

ಬೂಗೆನ್‌ವಿಲ್ ದ್ವೀಪ ಮೊದಲು ಜರ್ಮನರ, ನಂತರ ಆಸ್ಟ್ರೇಲಿಯದ ಆಡಳಿತಕ್ಕೆ ಸೇರಿ, 1975ರಲ್ಲಿ ಪಪುವಾ ನ್ಯೂಗಿನಿ ಸ್ವತಂತ್ರವಾದಾಗ ಅದರ ಭಾಗವಾಯಿತು. ತೆಂಗು ಮತ್ತು ಕೋಕೋ ಅಲ್ಲಿನ ಸಣ್ಣ ರೈತರ ಹಣದ ಬೆಳೆಗಳು. ದ್ವೀಪದ ಹೆಚ್ಚಿನ ಭಾಗದಲ್ಲಿ ಭೂಮಿಯ ಹಕ್ಕು ತಾಯಿಯ ವಂಶದಲ್ಲಿ ಇಳಿಯುತ್ತದೆ. ನಮ್ಮ ಕರಾವಳಿಯ ಅಳಿಯ ಸಂತಾನ ಪದ್ಧತಿಯನ್ನು ಬಲ್ಲವರಿಗೆ ಇದು ತೀರ ಹೊಸದೆನಿಸದು.

1960ರ ದಶಕದಲ್ಲಿ ದ್ವೀಪದ ನಡುವಿನ ಪಂಗುನಾ ಎಂಬಲ್ಲಿ ತಾಮ್ರದ ಅದಿರು ಸಿಕ್ಕಿತು. ಗಣಿಗಾಗಿ ಬಂದರು, ರಸ್ತೆ, ಪಟ್ಟಣಗಳಿಗೆ ಜಮೀನು ಬೇಕಾಯಿತು. 1969ರ ಆಗಸ್ಟ್‌ನಲ್ಲಿ ರೊರೊವಾನಾ ಊರಿನ ಹೆಂಗಸರು ಸರ್ವೆಯವರು ನೆಟ್ಟ ಗುರುತುಕಲ್ಲನ್ನು ಕಿತ್ತುಹಾಕಿ, ಬುಲ್ಡೋಜರುಗಳಿಗೆ ಅಡ್ಡ ನಿಂತರು. ಪೊಲೀಸರು ಅಶ್ರುವಾಯು, ಲಾಠಿ ಬಳಸಿದರು. 1972ರಲ್ಲಿ ಗಣಿ ತಾಮ್ರ ತೆಗೆಯತೊಡಗಿತು. ನೂರು ಕೋಟಿ ಟನ್ನಿಗೂ ಮೀರಿದ ಗಣಿಯ ಕಸ ಜಾಬಾ ನದಿಯ ಪಾತ್ರಕ್ಕೆ ಸೇರಿತು. ನದಿದಂಡೆಯ ತೋಟಗಳು ಹೂಳಿನಡಿ ಹೋದವು, ಮೀನು ಹೋಯಿತು. 1988ರಲ್ಲಿ ಭೂಮಾಲೀಕರ ಬಂಡಾಯ ಎದ್ದು, 1989ರಲ್ಲಿ ಗಣಿ ಮುಚ್ಚಿತು. ನಂತರ ಸುಮಾರು ಹತ್ತು ವರ್ಷ ನಡೆದ ಒಳಯುದ್ಧದಲ್ಲಿ ಸಾವಿರಾರು ಜನ ಸತ್ತರು.

ಆ ಕಾಲದಲ್ಲಿ ಸರ್ಕಾರ ದ್ವೀಪಕ್ಕೆ ದಿಗ್ಬಂಧನ ಹಾಕಿತು. ಡೀಸೆಲ್ ಇಲ್ಲ, ಔಷಧ ಇಲ್ಲ. ಜನ ಏನು ಮಾಡಿದರು ಗೊತ್ತೆ? ತೆಂಗಿನಕಾಯಿಯಿಂದ ಎಣ್ಣೆ ತೆಗೆದು, ಶೋಧಿಸಿ, ಡೀಸೆಲ್ ಎಂಜಿನ್‌ಗಳನ್ನು ಅದರಲ್ಲಿ ಓಡಿಸಿದರು. ಹಿತ್ತಲ ಗಿಡಮೂಲಿಕೆಗಳನ್ನು ಔಷಧಕ್ಕೆ ಬಳಸಿದರು. ಗೆಣಸು, ಬಾಳೆ, ತೆಂಗು ಅವರನ್ನು ಉಳಿಸಿದವು. 2001ರಲ್ಲಿ ಶಾಂತಿ ಒಪ್ಪಂದವಾಯಿತು. 2019ರಲ್ಲಿ ನಡೆದ ಜನಮತಗಣನೆಯಲ್ಲಿ ನೂರಕ್ಕೆ 98ರಷ್ಟು ಮಂದಿ ಸ್ವತಂತ್ರ ದೇಶ ಬೇಕೆಂದರು.

ಇದೇ ಜನ 1975ರ ಸೆಪ್ಟೆಂಬರ್ 1ರಂದು ತಾವಾಗಿಯೇ ಸ್ವಾತಂತ್ರ್ಯ ಘೋಷಿಸಿದಾಗ ನಾಡಿಗೆ ಉತ್ತರ ಸಾಲೊಮನ್ ಗಣರಾಜ್ಯ ಎಂದು ಹೆಸರಿಟ್ಟುಕೊಂಡಿದ್ದರು. ಹೊರಗಿನವರು ಅದನ್ನು ಮನ್ನಿಸಲಿಲ್ಲ. ಇಂದು ಅವರೂ ಬೂಗೆನ್‌ವಿಲ್ ಎಂಬ ಹೆಸರಿನಲ್ಲೇ ತಮ್ಮ ಹಕ್ಕು ಕೇಳುತ್ತಾರೆ. ಹಡಗಿನಲ್ಲಿ ಹಾದುಹೋದವನ ಹೆಸರನ್ನು ಅಲ್ಲಿ ಉಳಿದು ದುಡಿದವರು ತಮ್ಮದಾಗಿ ಮಾಡಿಕೊಂಡರು.

ಬಳ್ಳಿ ನಮ್ಮ ಬೇಲಿಗೆ ಬಂದದ್ದು

ಬಳ್ಳಿಯ ಹೆಸರು ಅಚ್ಚಾದದ್ದು 1789ರಲ್ಲಿ, ಜುಸ್ಯೂ ಎಂಬ ಫ್ರೆಂಚ್ ಸಸ್ಯವಿಜ್ಞಾನಿಯ ಪುಸ್ತಕದಲ್ಲಿ. ಅಲ್ಲಿಂದ ಯುರೋಪಿನ ಗಾಜಿನ ಮನೆಗಳಿಗೆ, ಅಲ್ಲಿಂದ 19ನೇ ಶತಮಾನದಲ್ಲಿ ಕಲ್ಕತ್ತೆಗೆ ಗಿಡಗಳು ಬಂದವು. ಮೊದಲು ಬಂದವು ನೇರಳೆ ಬಣ್ಣದವು. ಒಂದು ಜಾತಿಯ ಎಲೆಗೆ ನವಿರು ರೋಮವಿದೆ, ಅದು ಸ್ಪೆಕ್ಟಾಬಿಲಿಸ್. ಇನ್ನೊಂದರ ಎಲೆ ನುಣುಪು, ಅದು ಗ್ಲಾಬ್ರಾ. ಕಡುಗೆಂಪಿನ ‘ಮಿಸೆಸ್ ಬಟ್’ ತಳಿಯನ್ನು 1910ರ ಸುಮಾರಿಗೆ ಕೊಲಂಬಿಯ ದೇಶದ ಕಾರ್ತಹೇನಾದ ತೋಟದಿಂದ ಟ್ರಿನಿಡಾಡಿಗೆ ಒಯ್ದರು. ಈಗಿನ ಕೆಂಪು, ಕಿತ್ತಳೆ ತಳಿಗಳಲ್ಲಿ ಬಹಳಷ್ಟು ಅದರ ಸಂತತಿ.

ಈ ಬಳ್ಳಿಯಲ್ಲಿ ಒಂದು ವಿಶೇಷ ಗುಣವಿದೆ. ಗಿಡದ ಒಂದು ರೆಂಬೆ ಇದ್ದಕ್ಕಿದ್ದಂತೆ ಬೇರೆ ಬಣ್ಣದ ಹೂ ಬಿಡುತ್ತದೆ, ಇಲ್ಲವೆ ಅದರ ಎಲೆಯಲ್ಲಿ ಹಳದಿ ಮಚ್ಚೆ ಕಾಣುತ್ತದೆ. ಇದಕ್ಕೆ ತೋಟಗಾರರು ಸ್ಪೋರ್ಟ್ ಎನ್ನುತ್ತಾರೆ. ಆ ರೆಂಬೆಯನ್ನೇ ಕಡಿದು ನೆಟ್ಟರೆ ಹೊಸ ತಳಿ. ಒಂದೇ ಗಿಡದಲ್ಲಿ ಬಿಳಿ ಮತ್ತು ನೇರಳೆ ಎರಡೂ ಬಿಡುವ ‘ಮೇರಿ ಪಾಮರ್’ ಕಲ್ಕತ್ತೆಯಲ್ಲಿ ಹೀಗೇ ಹುಟ್ಟಿತು. ಅದರ ಒಂದು ರೆಂಬೆಯಿಂದ ಮಚ್ಚೆ ಎಲೆಯ ‘ತಿಮ್ಮ’ ಬಂತು. ವಿದೇಶಿ ಹೆಸರುಗಳ ನಡುವೆ ನಮ್ಮೂರ ಹೆಸರೊಂದು ನಿಂತಿರುವುದು ಸಂತೋಷದ ವಿಷಯ. ಅಚ್ಚ ಬಿಳಿಯ ‘ಶುಭ್ರಾ’ವೂ ಮೇರಿ ಪಾಮರ್‌ನ ಕವಲೇ. ಲಖನೌ ಸಂಸ್ಥೆಯವರು ‘ಬೇಗಂ ಸಿಕಂದರ್’, ‘ವಾಜಿದ್ ಅಲಿ ಶಾ’ ತಳಿಗಳನ್ನು ಕೊಟ್ಟರು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯೂ ತಳಿಗಳನ್ನು ಹೊರತಂದಿದೆ. ಇಡೀ ಪ್ರಪಂಚದ ಬೋಗನ್‌ವಿಲ್ಲಾ ತಳಿಗಳ ಹೆಸರನ್ನು ನೋಂದಾಯಿಸುವ ಜವಾಬ್ದಾರಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯದು ಎಂಬುದು ನಿಮಗೆ ತಿಳಿದಿರಲಿ.

ಹೊರಗಿನಿಂದ ಬಂದ ಅಲಂಕಾರದ ಗಿಡವೆಂದರೆ ಹೆದರುವವರಿದ್ದಾರೆ. ಹೆದರಿಕೆಗೆ ಕಾರಣವೂ ಇದೆ. 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕಾಗಿ ತಂದ ಲಂಟಾನ ಇಂದು ಬಂಡೀಪುರ, ಬಿಳಿಗಿರಿಯ ಕಾಡುಗಳನ್ನೇ ಮುತ್ತಿಕೊಂಡಿದೆ. ಅದರ ಹಣ್ಣನ್ನು ಹಕ್ಕಿ ತಿಂದು ಬೀಜ ಹರಡುತ್ತದೆ. ಕಾಗದದ ಹೂವಿನ ತೋಟದ ತಳಿಗಳು ನಮ್ಮಲ್ಲಿ ಬೀಜ ಕಟ್ಟುವುದು ಅಪರೂಪ. ನೆಟ್ಟ ಕಡೆ ಇರುತ್ತದೆ, ತಾನಾಗಿ ಹೊಲಕ್ಕೆ ನುಗ್ಗುವುದಿಲ್ಲ.

ಬೆಳೆಸುವ ಕ್ರಮ

ಜಾಗ ಮತ್ತು ಮಣ್ಣು: ದಿನಕ್ಕೆ ಕಡೇ ಪಕ್ಷ ಆರು ಗಂಟೆ ನೇರ ಬಿಸಿಲು ಬೀಳಬೇಕು. ನೆರಳಲ್ಲಿ ಎಲೆ ಬರುತ್ತದೆ, ಬಣ್ಣ ಬರುವುದಿಲ್ಲ. ನೀರು ಬಸಿದು ಹೋಗುವ ಕೆಂಪು ಮಣ್ಣು, ಗರಸು ಮಣ್ಣು ಉತ್ತಮ. ನೀರು ನಿಲ್ಲುವ ಎರೆಭೂಮಿಯಲ್ಲಿ ಏರು ಮಡಿ ಮಾಡಿ ನೆಡಬೇಕು.

ಸಸಿ ಮಾಡುವುದು: ಮುಂಗಾರು ಹಿಡಿದ ಮೇಲೆ, ತೀರ ಎಳೆಯದೂ ಅಲ್ಲದ, ತೀರ ಬಲಿತದ್ದೂ ಅಲ್ಲದ ರೆಂಬೆಯಿಂದ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ತುಂಡುಗಳನ್ನು ಕತ್ತರಿಸಿ. ಕೆಳತುದಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಎಲೆ ತೆಗೆದು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಮರಳು ಬೆರೆಸಿದ ಮಣ್ಣಿನ ಚೀಲದಲ್ಲಿ ನೆಡಿ. ನೆರಳಲ್ಲಿಟ್ಟು ತೇವ ಕಾಪಾಡಿ. ನೇರಳೆ ಹೂವಿನ ಹಳೆಯ ತಳಿಗಳು ಸುಲಭವಾಗಿ ಬೇರು ಬಿಡುತ್ತವೆ. ಮೇರಿ ಪಾಮರ್, ಸುತ್ತುದಳದ ಮಹಾರಾ ಮುಂತಾದವು ಹಠಮಾರಿಗಳು. ಅವುಗಳಿಗೆ ಬೇರು ಬರಿಸುವ ಹಾರ್ಮೋನ್ ಪುಡಿ ಹಚ್ಚಿ ನೆಡಿ, ಇಲ್ಲವೆ ಗೂಟಿ ಕಟ್ಟಿ.

ನೆಡುವುದು: ಬೇಲಿಗೆ ಎರಡು ಅಡಿ ಆಳ, ಎರಡು ಅಡಿ ಅಗಲದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಎರಡು ಬುಟ್ಟಿ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಗಿಡದಿಂದ ಗಿಡಕ್ಕೆ ಒಂದು ಮೀಟರ್ ಅಂತರ ಸಾಕು. ಚೌಕವಾದ ಒಂದು ಎಕರೆಯ ಸುತ್ತಳತೆ ಸುಮಾರು 255 ಮೀಟರ್. ಆದ್ದರಿಂದ ಎಕರೆಗೆ 255 ಸಸಿ ಬೇಕು. ನಿಮ್ಮಲ್ಲೇ ತುಂಡು ನೆಟ್ಟು ಸಸಿ ಮಾಡಿಕೊಂಡರೆ ಚೀಲ, ಮಣ್ಣುಗಳ ಖರ್ಚು ಮಾತ್ರ. ಒಂದು ಎಚ್ಚರಿಕೆ: ಈ ಬಳ್ಳಿಯ ಬೇರು ಬಹಳ ಸೂಕ್ಷ್ಮ. ಚೀಲ ಬಿಚ್ಚುವಾಗ ಮಣ್ಣಿನ ಹೆಂಟೆ ಒಡೆದರೆ ಸಸಿ ಸಾಯುತ್ತದೆ. ಎಳೆದು ತೆಗೆಯಬೇಡಿ, ಚೀಲವನ್ನು ಸೀಳಿ ಹೆಂಟೆಯನ್ನು ಹಾಗೆಯೇ ಇಳಿಸಿ.

ನೀರು ಮತ್ತು ಗೊಬ್ಬರ: ಮೊದಲ ವರ್ಷ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಕೊಡಿ. ಬೇರು ಇಳಿದ ಮೇಲೆ ಮಳೆಯೇ ಸಾಕು. ‘ಸರ್, ದಿನಾ ನೀರು ಹಾಕುತ್ತೇವೆ, ಗೊಬ್ಬರವನ್ನೂ ಕೊಡುತ್ತೇವೆ, ಹೂವೇ ಇಲ್ಲ’ ಎಂದು ಕೇಳುವವರು ಬಹಳ ಮಂದಿ. ಹೂ ಬಾರದಿರಲು ಕಾರಣವೇ ಅದು. ಯೂರಿಯಾ, ನೀರು ಹೆಚ್ಚಾದರೆ ಬಳ್ಳಿ ಸೊಪ್ಪು ಹಿಗ್ಗಿಸುತ್ತದೆ. ಮಳೆ ನಿಂತ ಮೇಲೆ ಎರಡು ಮೂರು ವಾರ ನೀರು ನಿಲ್ಲಿಸಿ, ಎಳೆ ಎಲೆ ತುಸು ಬಾಡುವವರೆಗೆ ಕಾಯಿರಿ. ಆಮೇಲೆ ಒಂದು ಸಲ ನೀರು ಕೊಡಿ. ಬಾಯಾರಿದ ಬಳ್ಳಿಯೇ ಹೂ ಬಿಡುತ್ತದೆ. ಕುಂಡದ ಗಿಡಕ್ಕೂ ಇದೇ ನಿಯಮ.

ಸವರುವುದು: ಹೂ ಬರುವುದು ಹೊಸ ಚಿಗುರಿನ ಮೇಲೆ. ಆದ್ದರಿಂದ ಒಂದು ಸರದಿ ಹೂ ಮುಗಿದ ಕೂಡಲೇ ಉದ್ದ ಹೋದ ರೆಂಬೆಗಳನ್ನು ಸವರಿ. ಬೇಲಿ ದಟ್ಟವಾಗಬೇಕಾದರೆ ಮೊದಲ ಎರಡು ವರ್ಷ ಬಿಡದೆ ತುದಿ ಚಿವುಟಬೇಕು. ನಾಚಿ ಬಿಟ್ಟರೆ ಮೇಲೆ ಛತ್ರಿ, ಕೆಳಗೆ ಬರಿಗಾಲು ಆಗುತ್ತದೆ, ಕೆಳಗಿನಿಂದ ನಾಯಿ, ಹಂದಿ ನುಸುಳುತ್ತವೆ. ಕಡಿದ ಮುಳ್ಳು ರೆಂಬೆಗಳನ್ನು ದಾರಿಯಲ್ಲಿ ಬಿಡಬೇಡಿ. ಕಾಲಿಗೂ ಸೈಕಲ್ ಟೈರಿಗೂ ಅಪಾಯ. ಕೆಲಸ ಮಾಡುವಾಗ ದಪ್ಪ ಕೈಗವಸು ಇರಲಿ, ಕಣ್ಣಿನ ಬಗ್ಗೆ ಜೋಪಾನ.

ಕೀಟ, ಜಾನುವಾರು: ರೋಗ ಕಡಿಮೆ. ಚಿಗುರಿನಲ್ಲಿ ಹಿಟ್ಟು ತಿಗಣೆ, ಸಸ್ಯಹೇನು ಕಂಡರೆ ಸೋಪಿನ ನೀರು ಅಥವಾ ಬೇವಿನೆಣ್ಣೆ ದ್ರಾವಣ ಸಿಂಪಡಿಸಿದರೆ ಸಾಕು. ದನಗಳು ಮುಳ್ಳಿಗೆ ಹಿಂಜರಿಯುತ್ತವೆ, ಆದರೆ ಆಡು ಎಳೆ ಚಿಗುರನ್ನು ಬಿಡುವುದಿಲ್ಲ. ಮೊದಲ ವರ್ಷ ಕಾಯಲೇಬೇಕು. ಕಾಡಾನೆ, ಕಾಡೆಮ್ಮೆಗಳನ್ನು ಈ ಬೇಲಿ ತಡೆಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ವಿದ್ಯುತ್ ತಂತಿಯ ಕೆಳಗೆ, ಮಾವು ಹಲಸಿನ ಮರದ ಬುಡಕ್ಕೆ ಇದನ್ನು ನೆಡಬೇಡಿ, ಹತ್ತಿ ಮುಚ್ಚಿಬಿಡುತ್ತದೆ.

ಆದಾಯದ ದಾರಿ: ಹೂ ಕಟ್ಟಿ ಮಾರುವಂಥದ್ದಲ್ಲ, ಪರಿಮಳವಿಲ್ಲ. ಮಾರುಕಟ್ಟೆ ಇರುವುದು ಗಿಡಕ್ಕೆ. ಪಟ್ಟಣದ ಹತ್ತಿರವಿರುವ, ಮನೆಯ ಹೆಂಗಸರು ಕೈಜೋಡಿಸುವ ಕುಟುಂಬಕ್ಕೆ ಬಣ್ಣಬಣ್ಣದ ಸಸಿಗಳ ಸಣ್ಣ ನರ್ಸರಿ ಒಳ್ಳೆಯ ಉಪಕಸುಬು. ಆದರೆ ತಳಿಗಳನ್ನು ಬೆರೆಸದೆ, ಒಂದೊಂದಕ್ಕೂ ಚೀಟಿ ಕಟ್ಟಿಡಬೇಕು. ಹೂವಿಲ್ಲದಾಗ ಎಲ್ಲ ಗಿಡವೂ ಒಂದೇ ತರಹ ಕಾಣುತ್ತದೆ. ಕಿತ್ತಳೆ ಎಂದು ಕೊಟ್ಟದ್ದು ನೇರಳೆ ಬಿಟ್ಟರೆ ಗಿರಾಕಿ ಮತ್ತೆ ಬರುವುದಿಲ್ಲ.

ಚೀಟಿ ಕಟ್ಟುವುದನ್ನು ಕಲಿಯಿರಿ

ಈ ಚೀಟಿಯ ಮಾತಿನಿಂದಲೇ ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಬ್ರೆಜಿಲಿನ ಕಾಡಂಚಿನ ಜನ ಈ ಬಳ್ಳಿಯನ್ನು ಮೊದಲೇ ಬಲ್ಲವರು. ಹೊತ್ತು ತಂದವಳು ಕೂಲಿಕಾರನ ಮಗಳು ಇರಬಹುದು. ಹೆಸರು ಬಂದದ್ದು ಹಡಗಿನ ಯಜಮಾನನಿಗೆ. ಏಕೆ? ಚೀಟಿ ಬರೆದವರು ಅವರು. ಬರೆದಿಟ್ಟ ಹೆಸರು ಉಳಿಯುತ್ತದೆ, ಬರೆಯದಿದ್ದದ್ದು ಅಳಿಯುತ್ತದೆ.

ನಮ್ಮ ಹೊಲ, ಹಿತ್ತಲುಗಳಲ್ಲಿ ಹೀಗೆ ಬರೆಯದೇ ಉಳಿದದ್ದು ಎಷ್ಟಿಲ್ಲ? ಅಜ್ಜಿ ಮಡಕೆಯಲ್ಲಿ ಕಾಪಾಡಿದ ಭತ್ತ, ಬರದಲ್ಲೂ ಕೈಬಿಡದ ರಾಗಿ, ಊರಿನವರೆಲ್ಲ ಬೇಡಿ ಒಯ್ಯುವ ಹಲಸಿನ ಮರ, ಮುಳ್ಳಿಲ್ಲದ ಬದನೆ. ಮನೆಯವರೇ ಬಾಯಿಮಾತಿನಲ್ಲಿ ಕರೆಯುವ ಹೆಸರು ಬಿಟ್ಟರೆ ಅವಕ್ಕೆ ದಾಖಲೆಯಿಲ್ಲ. ನಾಳೆ ಯಾರೋ ಬಂದು ಒಂದು ಹಿಡಿ ಬೀಜ ಒಯ್ದು ತಮ್ಮ ಹೆಸರಿಟ್ಟರೆ ಕೇಳುವುದು ಹೇಗೆ?

ಇದಕ್ಕೆ ಈಗ ಕಾನೂನಿನ ಆಸರೆ ಇದೆ. 2001ರ ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತ ತಾನು ಬೆಳೆಸಿ ಉಳಿಸಿದ ತಳಿಯನ್ನು ತನ್ನ ಹೆಸರಿನಲ್ಲಿ, ಅಥವಾ ಊರಿನ ಸಮುದಾಯದ ಹೆಸರಿನಲ್ಲಿ ನೋಂದಾಯಿಸಬಹುದು. ತುಮಕೂರು ಜಿಲ್ಲೆಯ ಚೇಳೂರಿನ ರೈತರೊಬ್ಬರ ತೋಟದ ಕೆಂಪು ತೊಳೆಯ ಹಲಸನ್ನು ಹೆಸರಘಟ್ಟದ ಸಂಸ್ಥೆ ಗುರುತಿಸಿದಾಗ ಅದಕ್ಕೆ ‘ಸಿದ್ದು’ ಎಂದು ಆ ರೈತನ ತಂದೆಯ ಹೆಸರೇ ಬಂತು. ಸಸಿಗಳ ಮಾರಾಟದಲ್ಲಿಯೂ ಆ ಕುಟುಂಬಕ್ಕೆ ಪಾಲು ಬಂತು. ಬೆಳೆಸಿದವನಿಗೆ ಹೆಸರೂ ಹಣವೂ ಸಲ್ಲುವುದೆಂದರೆ ಇದು.

ಆದ್ದರಿಂದ ಒಂದು ನೋಟ್‌ಬುಕ್ಕು ಇಡಿ. ತಳಿಯ ಹೆಸರು, ಯಾರಿಂದ ಬಂತು, ಎಷ್ಟು ವರ್ಷದಿಂದ ಇದೆ, ಬಿತ್ತುವ ಕಾಲ, ಕೊಯ್ಲಿನ ಕಾಲ, ವಿಶೇಷ ಗುಣ ಇಷ್ಟನ್ನು ಬರೆಯಿರಿ. ಮನೆಯ ಹೆಂಗಸರನ್ನು ಕೇಳಿ ಬರೆಯಿರಿ. ಬೀಜದ ವಿಷಯ ಅವರಿಗೆ ಹೆಚ್ಚು ಗೊತ್ತಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿಂದ ಅಕ್ಷರ ಮಾಡಿಸಿ. ನಿಮ್ಮ ಕಾಗದದ ಹೂವಿನ ಬಳ್ಳಿಯಲ್ಲೇ ಒಂದು ರೆಂಬೆ ಬೇರೆ ಬಣ್ಣ ಬಿಟ್ಟರೆ ಅದಕ್ಕೆ ದಾರ ಕಟ್ಟಿ, ತುಂಡು ನೆಟ್ಟು, ಎರಡು ವರ್ಷ ಅದೇ ಬಣ್ಣ ನಿಲ್ಲುತ್ತದೆಯೇ ನೋಡಿ. ನಿಂತರೆ ಅದನ್ನು ಕಂಡವರು ನೀವು.

ಮುಂಗಾರಿಗೆ ಮುಂಚೆ ಸಸಿಗೆ ಮಣ್ಣು, ಗೊಬ್ಬರ ಸಿದ್ಧ ಮಾಡಿಕೊಳ್ಳಿ. ತಳಿ ಮತ್ತು ಸಸಿಗಳ ವಿಷಯಕ್ಕೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನೂ, ತಳಿ ನೋಂದಣಿಯ ವಿವರಕ್ಕೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನೂ ಕೇಳಿ. ಹೋಗುವಾಗ ಆ ನೋಟ್‌ಬುಕ್ಕು ಮರೆಯದೆ ಒಯ್ಯಿರಿ.